ನಾಲ್ಕು ಬೆರಳಿನ ಸಂದು

ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದ ಬೂದು ಗೆರೆಗಳು. ಕೆಲಸದ ಜಾಗಕ್ಕೆ ಬಂದವರೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಿದ್ದರು. ನಾನು ಅದನ್ನು ಭಕ್ತಿ ಅಂದುಕೊಂಡಿದ್ದೆ. ಅಲ್ಲ, ಅವರು ಕೇಳಿಸಿಕೊಳ್ಳುತ್ತಿದ್ದದ್ದೇ ಅಂಗಾಲಿನಿಂದ! ಹರೆಯದಲ್ಲಿ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸುವ ಕೆಲಸ ಮಾಡಿ ಎರಡೂ ಕಿವಿ ಕಳೆದುಕೊಂಡವರು. ನಾವು ಹೇಳಿದ್ದನ್ನು ತುಟಿ ನೋಡಿ ತಿಳಿಯುತ್ತಿದ್ದರು. ತಾವು ಮಾತ್ರ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಮಾತಾಡುತ್ತಿದ್ದರು.

"ರೈಲಿನ ಸದ್ದು ತಡಿಯೋ ಮನಿ ಕಟ್ಟಾಕ ಕಿವಿ ಕೇಳದೋರ್ನ ಕರ್ಕೊಂಡ್ ಬಂದೀರಲ್ಲ, ನಿಮ್ಗ ತಲಿ ನೆಟ್ಟಗೈತೇನ್ರೀ?" ಅಂತ ನಾನು ಗಂಡನ ಮೇಲೆ ಹರಿಹಾಯ್ದಿದ್ದೆ.

ಸಿಟ್ಟಿಗೆ ಕಾರಣವಿತ್ತು. ಕೊಟ್ಟೂರಿನಲ್ಲಿ ನಾವು ಕೊಂಡ ಸೈಟು ಹಳಿಯ ಮಗ್ಗುಲಲ್ಲೇ ಇತ್ತು. ಆಗ ಬಾಡಿಗೆಗಿದ್ದ ಮನೆಯೂ ಅದೇ ಸಾಲಿನದು. ಗೂಡ್ಸ್ ಗಾಡಿ ಬಂದರೆ ನೆಲ ಜುಂ ಅನ್ನುತ್ತಿತ್ತು, ರೈಲ್ವೆ ಗೇಟಿನ ಹತ್ತಿರ ಹಾರನ್ ಹೊಡೆದರೆ ಕಿಟಕಿಯ ಗಾಜೆಲ್ಲ ಅದುರುತ್ತಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ನನ್ನ ಮಗಳು ಪ್ರತಿ ಸಲ ಬೆಚ್ಚಿಬಿದ್ದು, ಉಸಿರು ಕಟ್ಟಿ, ತುಟಿ ನೀಲಿಯಾಗುವವರೆಗೆ ಅಳುತ್ತಿದ್ದಳು. ಕೂಸಿಗೆ ನಿದ್ದೆ ಬೇಕು, ತೂಕ ಏರಬೇಕು ಎಂದು ಡಾಕ್ಟರು ಹೇಳುತ್ತಲೇ ಇದ್ದರು. ನಿದ್ದೆ ಎಲ್ಲಿಂದ ತರಲಿ? ಹೊಸ ಮನೆಯಲ್ಲೂ ಹೀಗೇ ಆದರೆ ಮಗಳನ್ನು ಎತ್ತಿಕೊಂಡು ಹರಪನಹಳ್ಳಿಯ ತವರಿಗೆ ಹೊರಟುಬಿಡುತ್ತೇನೆ ಎಂದು ಗಂಡನಿಗೆ ಕಡ್ಡಿ ಮುರಿದಂತೆ ಹೇಳಿದ್ದೆ.

ಮೇಸ್ತ್ರಿ ಸೈಟು ನೋಡಲು ಬಂದ ದಿನವೇ ಗಾಡಿಯೊಂದು ಹೋಯಿತು. ನನ್ನ ತೋಳಲ್ಲಿದ್ದ ಮಗಳು ಕಿರುಚಿದಳು. ಅವರು ಗಾಡಿಯತ್ತ ತಿರುಗಲೇ ಇಲ್ಲ. ಅವಳ ತುಟಿಯನ್ನೇ ನೋಡುತ್ತ ನಿಂತರು. ಆಮೇಲೆ ಕಡ್ಡಿ ತೆಗೆದುಕೊಂಡು ಮಣ್ಣಲ್ಲಿ ಗೆರೆ ಎಳೆದರು.

"ನೋಡವ್ವಾ, ಹಳಿ ಕಡಿ ಬಚ್ಚಲ, ಮೆಟ್ಟಲ, ಸಾಮಾನಿನ ಕೋಣಿ. ಕೂಸಿನ ಕೋಣಿ ಹಿಂದಕ್ಕ. ಅದಕ್ಕ ಜೋಡಿ ಗ್ವಾಡಿ, ನಡುವ ನಾಕು ಬೆರಳು ಸಂದು. ಆ ಗ್ವಾಡಿ ನಡುಗಿದ್ದು ಈ ಗ್ವಾಡಿಗೆ ಗೊತ್ತಾಗಬಾರ್ದು. ಕಿಟಕಿಗೂ ಜೋಡಿ ಗಾಜು. ಸದ್ದು ಪೂರ್ತಿ ನಿಲ್ತೈತಿ ಅಂತ ಸುಳ್ಳು ಹೇಳಂಗಿಲ್ಲ. ಕೂಸು ಬೆಚ್ಚದಷ್ಟು ಕಮ್ಮಿ ಮಾಡತೀನಿ."

ಅಬ್ಬಾ, ಆ ಸಂದಿನ ಮೇಲೆ ಅವರಿಗಿದ್ದ ಪ್ರೀತಿ! ಗಾರೆ ಒಂದು ಮುದ್ದೆಯೂ ಅದರೊಳಗೆ ಬೀಳಬಾರದೆಂದು ಹಗ್ಗ ಕಟ್ಟಿದ ಹಲಗೆಪಟ್ಟಿಯನ್ನು ಇಳಿಬಿಟ್ಟು, ಇಟ್ಟಿಗೆಯ ಒಂದೊಂದು ಸಾಲು ಏರಿದಾಗಲೂ ಅದನ್ನು ಮೇಲೆತ್ತಿ ಒರೆಸುತ್ತಿದ್ದರು. ಗೋಡೆ ಎದೆಮಟ್ಟ ಬಂತು. ಗಾಡಿ ಹೋಗುವಾಗ ಹೊರಗೋಡೆಯ ಮೇಲೆ ಒಂದು ಅಂಗೈ, ಒಳಗೋಡೆಯ ಮೇಲೆ ಇನ್ನೊಂದು ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾನೂ ಇಟ್ಟು ನೋಡಿದೆ. ಹೊರಗಿನದು ಜುಮುಗುಡುತ್ತಿತ್ತು, ಒಳಗಿನದು ಸುಮ್ಮನಿತ್ತು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಹುಣ್ಣಿಮೆಗೆ ಅವರು ಉಚ್ಚಂಗಿದುರ್ಗದ ಅಮ್ಮನ ದರ್ಶನಕ್ಕೆ ಹೋದರು. ಮರುದಿನ ಬಂದು, ಗಾಡಿ ಹೋಗುವಾಗ ಎಂದಿನಂತೆ ಕೈಯಿಟ್ಟರು. ಥಟ್ಟನೆ ಕಣ್ಣು ಬಿಟ್ಟರು.

"ಸಂದ್ಯಾಗ ಏನ್ ತುಂಬ್ಯಾರ?"

ನಮ್ಮ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಮುಂದೆ ಬಂದರು.

"ನಾನೇ ತುಂಬಿಸೀನ್ರೀ. ಖಾಲಿ ಬಿಟ್ರ ಹಾವು ಚೇಳು ಸೇರ್ಕೊಂತಾವ. ಕೂಸು ಮಲಗೋ ಕೋಣಿ ಅದು!"

ಮೇಸ್ತ್ರಿ ಇಲ್ಲದ ಹೊತ್ತು ನೋಡಿ, ಕೂಲಿಯವರಿಗೆ ಚಹಾ ಮಂಡಕ್ಕಿ ಕೊಟ್ಟು, ಒಡೆದ ಇಟ್ಟಿಗೆಯನ್ನೂ ಗಾರೆಯನ್ನೂ ಕಂಠಮಟ್ಟ ತುಂಬಿಸಿದ್ದರು ನಮ್ಮ ಅತ್ತೆ! ನನಗೆ ಮೈಯೆಲ್ಲ ಉರಿದುಹೋಯಿತು. ಮೇಸ್ತ್ರಿ ಮಾತ್ರ ಬೈಯಲಿಲ್ಲ. ಮುಂದಿನ ಗಾಡಿ ಬರುವವರೆಗೆ ಕಾದು, ಅತ್ತೆಯ ಕೈಯನ್ನು ಗೋಡೆಗೆ ಇಡಿಸಿದರು. ಎರಡೂ ಗೋಡೆ ಒಂದೇ ಸಮ ನಡುಗಿದವು. ಅತ್ತೆ ಗಾಬರಿಯಿಂದ ಕೈ ತೆಗೆದು, ನನ್ನ ತೋಳಲ್ಲಿ ಕಿರುಚುತ್ತಿದ್ದ ಕೂಸಿನ ಕಡೆ ನೋಡಿದರು.

"ತಗಸ್ರೀ ಮೇಸ್ತ್ರಿ. ಈಗಿಂದೀಗ್ಲೇ ತಗಸ್ರಿ."

ಹೊರಗೋಡೆಯ ಬುಡದ ಇಟ್ಟಿಗೆ ಬಿಡಿಸಿ ಎರಡು ದಿನ ಕೆರೆದರು. ಮುದ್ದೆ ಮುದ್ದೆ ಬಂತು. ಕಡೆಗೆ ಅತ್ತೆಯ ಸಮಾಧಾನಕ್ಕೆ ಸಂದಿನ ಬಾಯಿಗೆಲ್ಲ ಸಣ್ಣ ಕಣ್ಣಿನ ಜಾಲರಿ ಬಿಗಿದು, "ಇನ್ನ ಚೇಳಲ್ಲ, ಇರಿವಿ ಹೋಗ್ಲಿ ನೋಡೋಣ" ಅಂತ ನಕ್ಕರು.

ಗೃಹಪ್ರವೇಶದ ಮಧ್ಯಾಹ್ನ. ಮಗಳನ್ನು ಆ ಕೋಣೆಯಲ್ಲಿ ಮಲಗಿಸಿ, ಕಿಟಕಿಯ ಜೋಡಿ ಗಾಜು ಮುಚ್ಚಿದೆವು. ಗೇಟಿನ ಹತ್ತಿರ ಹಾರನ್ ಆಯಿತು, ಆದರೆ ಎಲ್ಲೋ ಪಕ್ಕದ ಊರಿನಲ್ಲಿ ಆದ ಹಾಗೆ. ಗೂಡ್ಸ್ ಗಾಡಿ ಶುರುವಾಯಿತು. ಒಂದು ಬೋಗಿ, ಹತ್ತು ಬೋಗಿ, ಮುಗಿಯಲೊಲ್ಲದು. ಮಗಳ ರೆಪ್ಪೆ ಒಮ್ಮೆ ಅಲುಗಿತು. ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ಬೆರಳು ಚೀಪಿ ಮಗ್ಗುಲಾದಳು. ಗಾಡಿ ದಾಟಿತು. ಮಲಗೇ ಇದ್ದಾಳೆ ನನ್ನ ಬಂಗಾರ!

ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ ಮೇಸ್ತ್ರಿಗೆ ನೆಲ ಶಾಂತವಾಗಿದ್ದದ್ದು ಗೊತ್ತಾಗಿತ್ತು. ಅಳು ಮಾತ್ರ ಅವರಿಗೆ ಕೇಳುವಂತಿರಲಿಲ್ಲ. ತಡೆಯಲಾರದೆ ಕೂಗಿಯೇಬಿಟ್ಟರು:

"ಕೂಸು ಅತ್ತತೇನವ್ವಾ?"

ಆ ಕೂಗಿಗೆ ಮಗಳು ಬೆಚ್ಚಿ ಎದ್ದು ಹೋ ಎಂದು ಅತ್ತಳು. ಅಳುವ ಬಾಯಿ ಕಂಡು ಮೇಸ್ತ್ರಿಯ ಮುಖ ಬಾಡಿಹೋಯಿತು. ನಾನು ನಗುತ್ತಾ, ಅಳುತ್ತಾ, ಅವರ ಎದುರು ಹೋಗಿ ತುಟಿ ಬಿಡಿಸಿ ಬಿಡಿಸಿ ಹೇಳಿದೆ: "ರೈಲಿಗಲ್ರೀ ಮೇಸ್ತ್ರಿ, ನಿಮ್ಮ ದನಿಗೆ!" ಅರ್ಥವಾದ ಮೇಲೆ ಅವರು ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂದಿನಿಂದ ಸಂತೆಯಲ್ಲಿ ಸಿಗಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗಲಿ, ದನಿಯಿಲ್ಲದೆ ಬರೀ ತುಟಿ ಆಡಿಸಿ ಕೇಳುತ್ತಿದ್ದರು, "ಕೂಸು ಅತ್ತತೇನವ್ವಾ?" ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಮಗಳು ಮೈಕೈ ತುಂಬಿಕೊಂಡು ಶಾಲೆಗೆ ಹೋಗುವಷ್ಟಾದರೂ ಅದೇ ಪ್ರಶ್ನೆ, ಅದೇ ಉತ್ತರ.

ಹೋದ ವರ್ಷ ಅವರು ತೀರಿಕೊಂಡರು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಬಿಳಿ ಬಟ್ಟೆಯ ಹೊರಗೆ ಅವರ ಪಾದ ಕಾಣುತ್ತಿತ್ತು, ಬಿರುಕಿನಲ್ಲಿ ಸಿಮೆಂಟು ಹಾಗೇ ಇತ್ತು. ಅದನ್ನು ಮುಟ್ಟಿದ್ದೇ ತಡ, ನನ್ನ ಮಗಳು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತಳು ಮೇಸ್ತ್ರಿ. ಈ ಸಲ ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ.