ಹಳೇ ನಂಬರಿನ ಸಾಲು

ನೇಕಾರರ ಸಂಸ್ಥೆಯೊಂದರ ಗದಗಿನ ಕಚೇರಿಯಲ್ಲಿ ನನಗೆ ಬರೆಯುವ ಕೆಲಸ ಸಿಕ್ಕಿತು. ಸದಸ್ಯರ ಹೆಸರು, ವಿಳಾಸ, ಮೊಬೈಲ್ ನಂಬರು ಬದಲಾದರೆ ಕಂಪ್ಯೂಟರಿನಲ್ಲಿ ತಿದ್ದಲು ಹೊಸ ತಂತ್ರಾಂಶವೊಂದು ಬಂದಿತ್ತು. ಅದನ್ನು ಬಳಸುವ ಬಗೆಯನ್ನು ಕನ್ನಡದಲ್ಲಿ, ಚಿತ್ರಗಳ ಸಮೇತ, ಕೈಪಿಡಿ ಮಾಡಿಕೊಡಬೇಕಿತ್ತು. ನಾನು ಬೆಟಗೇರಿಯ ನೇಕಾರರ ಮನೆಯವಳು. ನಮ್ಮ ಮಗ್ಗ ನಾನು ಕಾಲೇಜಿಗೆ ಹೋಗುವಷ್ಟರಲ್ಲಿ ನಿಂತುಹೋಗಿತ್ತು. ನಮ್ಮ ಜನಕ್ಕೆ ತಿಳಿಯುವ ಹಾಗೆ ಬರೆಯಬಲ್ಲೆ ಎಂಬ ಹುಮ್ಮಸ್ಸಿನಲ್ಲೇ ಸೇರಿಕೊಂಡೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೇವಾ ಕೇಂದ್ರಗಳಿಗೆ ಬಸ್ಸಿನಲ್ಲಿ ಓಡಾಡಿದೆ. ಆಪರೇಟರುಗಳ ಪಕ್ಕ ಕುರ್ಚಿ ಹಾಕಿಕೊಂಡು, ಅವರು ಎಲ್ಲಿ ತಡವರಿಸುತ್ತಾರೆ, ಏನನ್ನು ಒತ್ತಲು ಹೆದರುತ್ತಾರೆ ಎಂದು ಬರೆದುಕೊಂಡೆ. ಯಾರ ವಿವರ ತಿದ್ದಬೇಕಾದರೂ ಮೊದಲು ಅವರ ಹಳೆಯ ಮೊಬೈಲ್ ನಂಬರಿಗೆ ಆರಂಕಿಯ ಕೋಡು ಹೋಗುತ್ತದೆ. ಅದನ್ನು ಹಾಕಿದರೆ ಮಾತ್ರ ಮುಂದಿನ ಪುಟ ತೆರೆಯುತ್ತದೆ. ಮುಂಡರಗಿಯ ಆಪರೇಟರ್ ಒಬ್ಬರು ಕೇಳಿದರು: “ಹಳೇ ನಂಬರ್ ಹೋಗಿಬಿಟ್ಟಿದ್ರ ಏನ್ ಮಾಡಬೇಕ್ರಿ ಮೇಡಂ?”

ನನಗೂ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ತಂತ್ರಾಂಶ ಮಾಡಿದವರಿಗೆ ಫೋನ್ ಮಾಡಿದೆ. ಅದಕ್ಕೆ ಸದ್ಯ ದಾರಿಯಿಲ್ಲ, ಮುಂದಿನ ಆವೃತ್ತಿಯಲ್ಲಿ ನೋಡೋಣ, ಈಗ ‘ಹತ್ತಿರದ ಸೇವಾ ಕೇಂದ್ರವನ್ನು ಸಂಪರ್ಕಿಸಿ’ ಎಂದು ಬರೆಯಿರಿ ಎಂದರು. ಕೇಂದ್ರದಲ್ಲೂ ಇದೇ ತಂತ್ರಾಂಶ, ಇದೇ ಕೋಡು ಎಂದೆ.

“ಹೌದು ಮೇಡಂ, ಆದ್ರೂ ಅಲ್ಲಿ ಒಂದು ಸಾಲು ಇರ್ಬೇಕಲ್ವಾ?”

ಆ ಸಾಲು ಬರೆದೆ. ಕೈಪಿಡಿ ಅಚ್ಚಾಗಿ ಬಂತು. ಎಲ್ಲರೂ ಚೆನ್ನಾಗಿದೆ ಎಂದರು.

ಗದಗಿನ ಸೇವಾ ಕೇಂದ್ರವೂ ನಮ್ಮ ಕಚೇರಿಯಲ್ಲೇ ಇತ್ತು. ಕೆಲ ದಿನಗಳಲ್ಲಿ ನಮ್ಮ ಓಣಿಯ ದೊಡ್ಡವ್ವ ಅಲ್ಲಿಗೆ ಬಂದಳು. ರಕ್ತಸಂಬಂಧಿಯಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಗಂಡ ತೀರಿಕೊಂಡ ಮೇಲೂ ಮಗ್ಗ ಬಿಟ್ಟಿರಲಿಲ್ಲ. ಆಕೆಯ ಸದಸ್ಯತ್ವಕ್ಕೆ ಕೊಟ್ಟಿದ್ದು ಗಂಡನ ನಂಬರು. ನೂಲು ಬಂದಿದೆ ಎಂಬ ಸಂದೇಶ ಅದಕ್ಕೇ ಹೋಗುತ್ತಿತ್ತು, ಆ ಸಂದೇಶ ತೋರಿಸಿದರಷ್ಟೇ ನೂಲು ಕೊಡುತ್ತಿದ್ದರು. ಆತ ಹೋದಮೇಲೆ ಯಾರೂ ರೀಚಾರ್ಜ್ ಮಾಡಿಸದೆ ನಂಬರು ಬೇರೆ ಯಾರಿಗೋ ಸೇರಿತ್ತು.

“ಇದನ್ನ ನೀನ ಬರದಿಯಂತಲ್ಲವಾ,” ಎಂದು ದೊಡ್ಡವ್ವ ಕೈಪಿಡಿಯನ್ನು ಮೇಜಿನ ಮೇಲಿಟ್ಟಳು. “ಓದಿಸಿ ಕೇಳಿದೆ. ಕೇಂದ್ರಕ್ಕ ಹೋಗ್ರಿ ಅಂತ ಐತಿ. ಅದಕ್ಕ ಬಂದೇನಿ.”

ನಾನು ಆ ನಂಬರು ಕೇಳಿದೆ. ಆಕೆ ತನ್ನ ಫೋನ್ ಕೊಟ್ಟಳು. ಅದರಲ್ಲಿ ‘ಮನಿಯವ್ರು’ ಎಂದಿತ್ತು.

“ಮೊನ್ನೆ ಫೋನ್ ಹಚ್ಚಿದ್ದೆ. ಯಾರೋ ಹಲೋ ಅಂದ್ರು. ಇಟ್ಟುಬಿಟ್ಟೆ,” ಎಂದಳು.

ನಾನು ಹಚ್ಚಿದೆ. ಎತ್ತಿದವನು ಹೊಂಬಳದ ಟ್ರ್ಯಾಕ್ಟರ್ ಡ್ರೈವರ್. ವಿಷಯ ತಿಳಿಸಿದಾಗ ಮರುಗಿದ. “ಕೋಡ್ ಬರ್ಲಿ ಬಿಡ್ರಿ, ಹೇಳ್ತೇನಿ,” ಎಂದ. ಕೋಡು ಹೋಯಿತು. ಎಂಜಿನ್ನಿನ ಸದ್ದಿನ ನಡುವೆ ಆತ ಕೂಗಿ ಹೇಳಿದ ಅಂಕಿಗಳಲ್ಲಿ ಒಂದನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ. ಮತ್ತೆ ಪ್ರಯತ್ನಿಸಿದೆ. ಅಷ್ಟರಲ್ಲಿ ಕೋಡಿನ ಅವಧಿ ಮುಗಿದಿತ್ತು. ಮೂರನೆಯ ಸಲವೂ ತಪ್ಪಿದಾಗ ನಾಳೆ ಪ್ರಯತ್ನಿಸಿ ಎಂದು ಪರದೆಯ ಮೇಲೆ ಮೂಡಿತು.

ಮರುದಿನ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ದೊಡ್ಡವ್ವ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಡ್ರೈವರಿಗೆ ಫೋನ್ ಹಚ್ಚಿದೆ. ಆತನ ದನಿ ಬದಲಾಗಿತ್ತು.

“ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಕೋಡ್ ಯಾರಿಗೂ ಹೇಳಬಾರದಂತ ಮನ್ಯಾಗ ಬೈದ್ರು. ನೀವು ಖರೇನ ಇರಬಹುದು, ಆದ್ರ ನಮಗ ಹೆಂಗ ಗೊತ್ತಾಗಬೇಕ್ರಿ?”

ಕೋಡನ್ನು ಯಾರಿಗೂ ತಿಳಿಸಬೇಡಿ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರೆದವಳು ನಾನೇ. ಆಮೇಲೆ ಆತ ಫೋನ್ ಎತ್ತಲಿಲ್ಲ.

ದೊಡ್ಡವ್ವನ ಹೆಸರಿನಲ್ಲಿ ಅರ್ಜಿ ಬರೆದು, ಮರಣ ಪ್ರಮಾಣಪತ್ರ ಲಗತ್ತಿಸಿ ಮೇಲಿನವರಿಗೆ ಕಳಿಸಿದೆ. ವಿವರ ತಿದ್ದುವುದೇನಿದ್ದರೂ ತಂತ್ರಾಂಶದಲ್ಲೇ ಆಗಬೇಕು ಎಂದು ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ, ತಾರೀಖು ಮಾತ್ರ ಬೇರೆ. ನಮ್ಮ ಮ್ಯಾನೇಜರಿಗೆ ಆ ಸಾಲನ್ನಾದರೂ ತೆಗೆಯೋಣ, ಜನ ಸುಮ್ಮನೆ ಅಲೆಯುವುದು ತಪ್ಪುತ್ತದೆ ಎಂದೆ.

“ತಗದ್ರ ಅಲ್ಲಿ ಏನ್ ಬರೀತೀರಿ?” ಎಂದು ಕೇಳಿದರು. ದಾರಿಯಿಲ್ಲ ಎಂದು ಬರೆಯುತ್ತೇನೆ ಎಂದೆ. “ಹಂಗ ಬರಿಯಾಕ ಬರ್ತೈತೇನ್ರಿ?” ಎಂದು ತಮ್ಮ ಕೆಲಸಕ್ಕೆ ತಿರುಗಿದರು.

ಹೊಸ ಆವೃತ್ತಿ ಬಂತು. ಪರದೆಯ ಬಣ್ಣ ಬದಲಾಗಿತ್ತು, ಕೋಡು ಹಾಗೇ ಇತ್ತು. ಚಿತ್ರಗಳನ್ನೆಲ್ಲ ಹೊಸದಾಗಿ ತೆಗೆದು ಅಂಟಿಸಿದೆ. ಸಾಲನ್ನು ಮುಟ್ಟಲಿಲ್ಲ. ಕೇಳಿ ಹೇಳುತ್ತೇನೆ ಎಂದು ಮುಂಡರಗಿಯ ಆಪರೇಟರಿಗೆ ಅಂದಿದ್ದೆ, ಅವರಿಗೆ ಫೋನ್ ಮಾಡಲೂ ಇಲ್ಲ.

ದೊಡ್ಡವ್ವ ಈಗ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ಒಮ್ಮೆ ಆಕೆಯ ಮನೆಗೆ ಹೋದಾಗ ಮಗ್ಗದ ಮೇಲೆ ಹಾಸಿಗೆ, ಕೌದಿಗಳನ್ನು ಒಟ್ಟಿದ್ದು ನೋಡಿದೆ. ಮೊದಮೊದಲು ಓಣಿಯಲ್ಲಿ ಸಿಕ್ಕಾಗಲೆಲ್ಲ “ಏನರ ಆತೇನವಾ?” ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ದೊಡ್ಡವ್ವ ಎನ್ನುತ್ತಿದ್ದೆ. ಕೇಳಿದರೆ ನನಗೆ ಸಂಕಟವಾಗುತ್ತದೆ ಎಂದು ಆಕೆಗೆ ತಿಳಿಯಿತೋ ಏನೋ. ಈಗ “ಊಟ ಆತೇನು?” ಎಂದಷ್ಟೇ ಕೇಳಿ, ನಾನು ಉತ್ತರಿಸುವ ಮುಂಚೆಯೇ ಮುಂದೆ ಹೋಗುತ್ತಾಳೆ.