ಅಂಬಾಸಿಡರಿನ ಆವಾಜು ಮತ್ತು ನಮ್ಮ ಮಿಸ್ತ್ರಿ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು ನಮ್ಮ ಮಿಸ್ತ್ರಿ. ಆ ಹಿಡಿಯ ಮೇಲೆ ಎಲೆಅಡಿಕೆಯ ಕೆಂಪು ಹತ್ತಿದ ನಾಲ್ಕು ಹಲ್ಲುಗಳ ಗುರುತು ಶಾಶ್ವತವಾಗಿ ಮೂಡಿತ್ತು. ಉಳಿದ ಮೆಕ್ಯಾನಿಕ್ಕುಗಳು ಹಿಡಿಯನ್ನು ಕಿವಿಗೆ ಹಚ್ಚಿ ಕೇಳುತ್ತಾರೆ. ಇವರು ಕಚ್ಚುವುದನ್ನು ನಾನು ಯಾವುದೋ ಹಳೆಯ ಉಸ್ತಾದರ ಪರಂಪರೆಯೆಂದು ತಿಳಿದು ಭಕ್ತಿಯಿಂದ ನೋಡುತ್ತಿದ್ದೆ. ಕಿವಿ ಮಂದವಾಗಿ, ದವಡೆಯ ಎಲುಬಿನಿಂದ ಕೇಳಿಸಿಕೊಳ್ಳುತ್ತಿದ್ದಾರೆಂಬ ಸಣ್ಣ ಸಂಗತಿ ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ಆಯುಷ್ಯವೆಲ್ಲ ತಹಸೀಲ ಕಚೇರಿಯಲ್ಲಿ ಕಳೆದವನಿಗೆ ಅದು ಅಂಥ ತಡವೇನಲ್ಲ.

ಶಹಾಪುರದ ನನ್ನ ಮನೆಯ ಅಂಗಳದಲ್ಲಿ, ಫರಸಿ ಕಲ್ಲಿನ ಮೇಲೆ, ಒಂದು ಬಿಳಿ ಅಂಬಾಸಿಡರ್ ನಿಂತಿರುತ್ತದೆ. ನಿಲ್ಲುವುದೇ ಅದರ ಮುಖ್ಯ ಕಸುಬು. ಎಂಜಿನ್ನು ಮುಂದೆ, ಗಾಡಿ ತಳ್ಳುವ ಗಾಲಿಗಳು ಹಿಂದೆ, ನಡುವೆ ಉದ್ದನೆಯ ಶಾಫ್ಟು. ಮುಂದೆ ಆದ ತೀರ್ಮಾನ ಹಿಂದಿನವರೆಗೆ ಮುಟ್ಟಲು ತುಸು ಹೊತ್ತು ಹಿಡಿಯುತ್ತದೆ. ಶಿರಸ್ತೇದಾರನಾಗಿ ನಿವೃತ್ತನಾದ ನನಗೆ ಈ ವ್ಯವಸ್ಥೆ ಪರಿಚಿತವೇ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಬಾಯಿ ಬಿಡುವವು ಎರಡೇ ಉಳಿದಿದ್ದವು, ಟಿ.ವಿ. ಮತ್ತು ಕಾರು. ನಮಗೆ ಮಕ್ಕಳಿರಲಿಲ್ಲ. ಟಿ.ವಿ. ಎಲ್ಲರ ಸಂಗಡ ಮಾತಾಡುತ್ತಿತ್ತು, ಕಾರು ನನ್ನೊಬ್ಬನ ಸಂಗಡ. ಹಾಗಾಗಿ ಅದನ್ನು ಮಾರಲಿಲ್ಲ.

ಮಿಸ್ತ್ರಿ ಮೂಲತಃ ಸುರಪುರದವರು. ಸರಕಾರಿ ಜೀಪುಗಳ ಕೆಳಗೆ ಮಲಗಿಯೇ ನೌಕರಿ ಮುಗಿಸಿ, ಶಹಾಪುರದ ಮಸೀದಿ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ರವಿವಾರ ಬೆಳಿಗ್ಗೆ ಎಂಟಕ್ಕೆ ಸೈಕಲ್ಲಿನ ಮೇಲೆ ಬರುವರು. ಚಹಾ ಕೊಡಹೋದರೆ, "ಕೈ ಕರ್ರಗಾಗೂಮಟ ಚಹಾ ನಕ್ಕೋ ಸಾಬ್" ಎನ್ನುವರು. ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿದ ಮೇಲೆ ಜಾಲಿ ಮರದ ಎರಡು ತುಂಡು ಕೊಟ್ಟು, ಒಮ್ಮೆ ಒದ್ದು ನೋಡಿ, ಗೋಣಿಚೀಲ ಹಾಸಿ ಕೆಳಗೆ ಸರಿಯುವರು. ಆಮೇಲೆ ಕಾಣುವುದು ಎರಡು ಪಾದ ಮಾತ್ರ. ಆ ಪಾದಗಳಿಗೆ ನಾನು ಲೋಕದ ಸುದ್ದಿಯನ್ನೆಲ್ಲ ನಿವೇದಿಸುತ್ತಿದ್ದೆ. ನಡುನಡುವೆ ಒಂದು ಕೈ ಹೊರಗೆ ಬಂದು ಬೋಲ್ಟು ಬಿಚ್ಚುವ ಪಾನಾ ಕೇಳುತ್ತಿತ್ತು. ವಾರವಾರವೂ ರಿಪೇರಿ ಬೇಡುವ ಕಾರು ಭೂಮಿಯ ಮೇಲಿಲ್ಲ. ಈ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಯಾರೋ ಅವರಿಗೆ ಕಿವಿಯ ಮಷಿನ್ನು ಕೊಡಿಸಿದ್ದರು. ಅದು ಸದಾ ಅಂಗಿಯ ಜೇಬಿನಲ್ಲಿರುತ್ತಿತ್ತು. "ಹಾಕ್ಕೊಂಡ್ರ ಎಲ್ಲಾ ಕೇಳ್ತದ್ರಿ ಸಾಬ್, ಬೇಕಾದ್ದೊಂದು ಬಿಟ್ಟು" ಎಂದಿದ್ದರು.

ಒಂದು ಬೇಸಿಗೆಯಲ್ಲಿ ಹಿಂದಿನಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಮಿಸ್ತ್ರಿ ಹಿಂದಿನ ಗಾಲಿಗಳ ನಡುವಿನ ಹೌಸಿಂಗಿನ ಆಯಿಲ್ ಬದಲಿಸಿದರು, ಬೋಲ್ಟು ಬಿಗಿದರು, ನನ್ನನ್ನು ಕೂರಿಸಿಕೊಂಡು ತಾವೇ ಬಸ್‌ಸ್ಟ್ಯಾಂಡಿನವರೆಗೆ ಓಡಿಸಿದರು. ಓಡುತ್ತಿರುವ ಕಾರಿನಲ್ಲಿ ಸ್ಟಿಯರಿಂಗು ಹಿಡಿದವರು ಸ್ಕ್ರೂಡ್ರೈವರ್ ಕಚ್ಚುವಂತಿಲ್ಲ. ಅವರು ನನ್ನ ಕಡೆ ಹೊರಳಿ ಕೇಳಿದರು:

"ಆವಾಜ್ ಹೋತಲ್ರಿ?"

ಸದ್ದು ಇದ್ದಲ್ಲೇ ಇತ್ತು. ಆದರೆ ಅವರ ಮುಖದಲ್ಲಿ ಎಂಥ ಕಾತರವಿತ್ತೆಂದರೆ, "ಹೋತ್ರಿ" ಎಂದುಬಿಟ್ಟೆ. ಸ್ಥಳ ಪರಿಶೀಲನೆ ಮಾಡದೆ "ಸರಿ ಇದೆ" ಎಂದು ಸಹಿ ಹಾಕುವುದು ನನಗೆ ರೂಢಿಯೇ. ಸರಿ ಇಲ್ಲವೆಂದು ಕಿವಿಯಾರೆ ಕೇಳುತ್ತಲೇ ಹಾಕಿದ್ದು ಅದೇ ಮೊದಲು.

ಮೂರು ವಾರದ ಮೇಲೆ ಅವರ ನೆಂಟರ ಮದುವೆಗೆಂದು ಇಬ್ಬರೂ ಸುರಪುರಕ್ಕೆ ಹೊರಟೆವು. ಹತ್ತಿಗೂಡೂರ ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯವನು ಒಲೆಯ ಹಿಂದಿನಿಂದಲೇ ಕೂಗಿದ. ನಮ್ಮ ಸೀಮೆಯಲ್ಲಿ ಗುಟ್ಟನ್ನೂ ಎರಡು ಹೊಲದಾಚೆ ಕೇಳುವಂತೆ ಹೇಳುತ್ತಾರೆ.

"ಏನ್ರಿ ಸಾಬ್ರ, ಡಿಕ್ಕ್ಯಾಗ ಕರಡಿ ಹಾಕ್ಕೊಂಡು ಹೊಂಟೀರೇನು? ಎಂಥಾ ಗುರ್ ಅನ್ನಾಕತ್ತದ ಅದು!"

ಮಿಸ್ತ್ರಿಗೆ ಪ್ರತಿ ಅಕ್ಷರವೂ ಕೇಳಿಸಿತು. ಚಹಾದ ಲೋಟ ಕೆಳಗಿಟ್ಟು, ಹೋಗಿ ಕಾರಿನಲ್ಲಿ ಕೂತರು. ಸುರಪುರ ಬರುವ ಮುಂಚೆ ಒಮ್ಮೆ ಮಾತ್ರ ಬಾಯಿ ತೆರೆದರು.

"ಯಾಕ ಹೇಳಲಿಲ್ರಿ?"

"ನಿಮ್ಮ ಮನಸ್ಸಿಗೆ ಹತ್ತಬಾರದಂತ..." ಎಂದು ಗಟ್ಟಿಯಾಗಿ ಹೇಳಿದೆ.

"ನನ್ನ ಕಿವಿ ಹೋಗ್ಯಾವಂತ ನನಗ ಗೊತ್ತಿತ್ತು, ಸಾಬ್. ನಿಮ್ಮವು ಅದಾವಂತ ನಂಬಿ ಕುಂತಿದ್ದೆ."

ಮದುವೆ ಮುಗಿಸಿ ಅವರು ಬಸ್ಸಿಗೆ ಹೋದರು. ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ನಾನು ಎಂಟಕ್ಕೆ ಎದ್ದು ಗೋಣಿಚೀಲ ಹಾಸುವೆ, ಹತ್ತಕ್ಕೆ ಮಡಚುವೆ. ಒಂದು ರವಿವಾರ ಎರಡು ಲೋಟ ಚಹಾ ಸೋಸಿ, ಎರಡನ್ನೂ ನಾನೇ ಕುಡಿದೆ. ಹೆಂಡತಿ ಹೋದ ಮೇಲೆ ಮನೆ ಖಾಲಿಯಾಗಿತ್ತು. ಈಗ ಅಂಗಳವೂ ಖಾಲಿಯಾಯಿತು.

ನಾಲ್ಕು ವಾರವಾದ ಮೇಲೆ ನಾನೇ ಕಾರು ಹೊರತೆಗೆದು, ಗುರುಗುಟ್ಟಿಸುತ್ತ ಅವರ ಗಲ್ಲಿಗೆ ಹೋದೆ. ಕ್ಷಮೆ ಕೇಳುವುದು ಖಾಸಗಿ ವ್ಯವಹಾರವೆಂದು ನಾನು ನಂಬಿದ್ದೆ. ಕಿವುಡರ ಮುಂದೆ ಆ ಸೌಲಭ್ಯವಿಲ್ಲ. ಮೊದಲ ಸಲ ಮೆಲ್ಲಗೆ ಹೇಳಿದೆ, ಅವರು ಸುಮ್ಮನೆ ನೋಡಿದರು. ಎರಡನೆಯ ಸಲ ಏರಿಸಿದೆ. ಮೂರನೆಯ ಸಲ "ನಂದು ತಪ್ಪಾತ್ರಿ! ಸುಳ್ಳ ಹೇಳೀನಿ!" ಎಂದು ಕೂಗಿದಾಗ ಎದುರು ಮನೆಯ ಮುದುಕಿ ಕಿಟಕಿಯಿಂದ ತಲೆ ಹಾಕಿ, "ಮಾಫ್ ಮಾಡಿಬಿಡ್ರಿ ಭಾಯ್, ಇಲ್ಲಾಂದ್ರ ನಮ್ಮ ಕಿವೀನೂ ಹೋಗ್ತಾವ!" ಎಂದಳು.

ಮಿಸ್ತ್ರಿ ನಗಲಿಲ್ಲ. ಕಾರಿನ ಬಳಿ ಬಂದು ಕೇಳಿದರು, "ಎಂಥಾ ಆವಾಜ್ ಅದ?"

"ಸಾಧಾರಣಕ್ಕಿಂತ ತುಸು ಹೆಚ್ಚು" ಎಂದೆ.

"ಇದು ತಹಸೀಲ್ ಅಲ್ರಿ. ಯಾವುದರ ಹಂಗ ಅದ, ಅದನ್ನ ಹೇಳ್ರಿ."

ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಗಿರಣಿಯಲ್ಲಿ ಜೋಳ ಮುಗಿದ ಮೇಲೆ ಬರೀ ಕಲ್ಲು ತಿರುಗಿದ ಹಾಗೆ ಇದೆ, ಎಂದೆ.

"ಹಾಂ. ಆಕ್ಸಿಲರೇಟರಿನ ಮ್ಯಾಲಿನ ಪಾಯ್ ಬಿಟ್ರ ನಿಂದರ್ತದೋ?"

"ಇಲ್ಲ."

"ಎಡಕ್ಕ ಹೊಳ್ಳಿಸಿದ್ರ?"

"ಜಾಸ್ತಿ."

"ಬಲಕ್ಕ?"

ಅದನ್ನು ನಾನು ಗಮನಿಸಿರಲಿಲ್ಲ. ಗಮನಿಸಿಲ್ಲವೆಂದೇ ಹೇಳಿದೆ. ಅದು ಅವರಿಗೆ ಮೆಚ್ಚಿಗೆಯಾಯಿತೆಂದು ಕಾಣುತ್ತದೆ. "ಹೋಗಿ ಕೇಳಿಕೊಂಡು ಬರ್ರಿ" ಎಂದು ಕಳಿಸಿದರು. ಬಲಕ್ಕೆ ಹೊರಳಲು ಊರೆಲ್ಲ ಸುತ್ತಿ ಬಂದು, "ಕಮ್ಮಿ" ಎಂದೆ.

"ಬಲಗಡಿ ಹಿಂದಿನ ಬೇರಿಂಗ್. ರವಿವಾರ ಬರ್ತೀನಿ."

ಬಂದರು. ಹಳೆಯ ಬೇರಿಂಗನ್ನು ಎಳೆದು ತೆಗೆದು, ಡೀಸೆಲ್ಲಿನಲ್ಲಿ ತೊಳೆದು ನನ್ನ ಅಂಗೈಯಲ್ಲಿಟ್ಟರು. ಗುಂಡುಗಳ ಮೇಲೆ ಇರುವೆ ಕಡಿದಂಥ ಕಲೆಗಳಿದ್ದವು. "ನೀವ ಹಿಡಿದ್ರಿ ಇದನ್ನ" ಎಂದರು. ನೌಕರಿಯಲ್ಲಿ ನನಗೆ ಬಂದ ಯಾವ ಪ್ರಶಂಸಾ ಪತ್ರವೂ ಅಷ್ಟು ಜಿಡ್ಡಾಗಿರಲಿಲ್ಲ, ಅಷ್ಟು ನಿಜವಾಗಿಯೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನನ್ನ ಕೆಲಸ ವಾರವೆಲ್ಲ ಕೇಳುವುದು, ರವಿವಾರ ವರದಿ ಒಪ್ಪಿಸುವುದು. ಸಗರದವರೆಗೆ, ಒಮ್ಮೊಮ್ಮೆ ವನದುರ್ಗದವರೆಗೆ, ಕೇಳುವುದಕ್ಕೆಂದೇ ಕಾರು ಓಡಿಸುತ್ತಿದ್ದೆ. ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ, ಚಪ್ಪಲಿಯೊಳಗೆ ಹರಳು ಸಿಕ್ಕಂತೆ, ಎಂದು ಹೇಳುವೆ. "ಹಂಗಂದ್ರ?" ಎಂದು ಅವರು ಕೆದಕುವರು. ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲವೆನ್ನಲು ಕಲಿತೆ. ಹೆಂಡತಿ ಕೊನೆಯ ತಿಂಗಳುಗಳಲ್ಲಿ "ನಾ ಹೆಂಗ ಕಾಣಾಕತ್ತೇನಿ?" ಎಂದು ಕೇಳಿದಾಗಲೆಲ್ಲ ನಾನು "ಆರಾಮ ಅದೀ" ಎಂದೇ ಹೇಳಿದ್ದೆ. ಅವಳಿಗೂ ಬಹುಶಃ ನಂಬಲು ಒಬ್ಬರ ಕಣ್ಣು ಬೇಕಾಗಿತ್ತು. ಇದನ್ನು ಮಿಸ್ತ್ರಿಗೆ ಒಂದು ದಿನ ಹೇಳಿದೆ. ಅವರು ಕಾರಿನ ಕೆಳಗಿದ್ದರು. ಕೇಳಿಸಿತೋ ಇಲ್ಲವೋ ತಿಳಿಯದು. ಪಾನಾ ಬೇಡುವ ಕೈ ಮಾತ್ರ ಬಹಳ ಹೊತ್ತು ಹೊರಗೆ ಬರಲಿಲ್ಲ.

ಈ ವರ್ಷ ಬಿಸಿಲು ಏರುವ ಮೊದಲೇ ಅವರು ಹೋದರು. ಮಸೀದಿಯ ಮೈಕಿನಲ್ಲಿ ಸುದ್ದಿ ಬಂತು. ಜನಾಜಕ್ಕೆ ಹೆಗಲು ಕೊಟ್ಟು ಹತ್ತು ಹೆಜ್ಜೆ ನಡೆದೆ. ನಡೆಯಲಾಗದ ಇಬ್ಬರು ಹಿರಿಯರನ್ನು ಖಬರಸ್ತಾನಕ್ಕೆ ಕರೆದೊಯ್ಯುವ ಕೆಲಸ ಅಂಬಾಸಿಡರಿಗೆ ಬಂತು.

ಮರಳಿ ಬರುವಾಗ ಕಾರಿನ ಹೊಟ್ಟೆಯ ಕೆಳಗಿನಿಂದ ಹೊಸ ಸದ್ದೊಂದು ಕೇಳಿತು. ಪಕ್ಕದ ಖಾಲಿ ಸೀಟಿನ ಕಡೆ ಹೊರಳಿ, ಗಟ್ಟಿಯಾಗಿ ಹೇಳಿದೆ: "ಟಕ್ ಅಂತದ. ಕಬ್ಬಿಣದ ಬಾಗಿಲಿಗೆ ಚಿಲಕ ಬಡದಂಗ. ಪಾಯ್ ಒತ್ತಿದಾಗ ಒಂದ ಸಲ, ಬಿಟ್ಟಾಗ ಒಂದ ಸಲ."

ಹಿಂದಿನ ಸೀಟಿನ ಹಿರಿಯರು ಬೆಚ್ಚಿ ಮುಂದೆ ಬಾಗಿದರು. "ಯಾರಿಗಿ ಹೇಳಾಕತ್ತೀರಿ, ಸಾಬ್?"

ಬಿಟ್ಟಾಗ ಬರುವುದು ಖಾತ್ರಿಯಿರಲಿಲ್ಲ. ಇನ್ನೊಮ್ಮೆ ಒತ್ತಿ, ಬಿಟ್ಟು, ಕೇಳಿದೆ.