ಷಡ್ಕನ ಕಿಡಿಕಡ್ಡಿ
ಸ್ಟೌ ರಿಪೇರಿಯವನ ಹೊಟ್ಟೆ ಉರಿಸಲೆಂದೇ ಹುಟ್ಟಿದವನು ಅವನ ಷಡ್ಕ, ಅಂದರೆ ಹೆಂಡತಿಯ ತಂಗಿಯ ಗಂಡ. ಕೊರಳಲ್ಲಿ ಸದಾ, ಗೀಚಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ, ಜೇಬಿನಲ್ಲಿ ಆ ಕಿಡಿ ಹಿಡಿಯಲು ಪ್ಲಾಸ್ಟಿಕ್ ಸುತ್ತಿದ ಹತ್ತಿ. ಸ್ಟೌ ರಿಪೇರಿಯವನ ಅಡುಗೆಮನೆಗೇ ನುಗ್ಗಿ, "ಲೈಟರ್ ಎತ್ತಿಡಿ ಅಕ್ಕಾ" ಎಂದು ಗ್ಯಾಸನ್ನೂ ಆ ಕಡ್ಡಿಯಿಂದಲೇ ಹಚ್ಚುತ್ತಾನೆ. ಮನೆಮಂದಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮೊನ್ನೆ ಕಾಡುದಾರಿಯಲ್ಲಿ ವ್ಯಾನು ಕೆಟ್ಟು, ಮಳೆಯಲ್ಲಿ ತೊಯ್ದು ಮಕ್ಕಳು ಗಡಗಡ ನಡುಗುತ್ತಿದ್ದಾಗ, ಕಡ್ಡಿಯನ್ನು ಚಾಕುವಿನ ಬೆನ್ನಿನಿಂದ ಗೀಚಿ, ಹತ್ತಿಗೆ ಕಿಡಿ ಹಿಡಿಸಿ, ಒದ್ದೆ ಪುಳ್ಳೆಯಲ್ಲಿ ಬೆಂಕಿ ಎಬ್ಬಿಸಿದವನೂ ಅವನೇ. "ನೀವಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ!" ಎಂದಳು ಸ್ಟೌ ರಿಪೇರಿಯವನ ಹೆಂಡತಿ. ಷಡ್ಕ ಮಾತ್ರ ಯಾವತ್ತಿನ ಹಾಗೆ ಹೊಗಳಿದವರನ್ನು ಬಿಟ್ಟು, ಬೆಂಕಿಯೇ ಕಸುಬಾದವನ ಮುಖವನ್ನು ಆಸೆಯಿಂದ ನೋಡಿ ಕೇಳಿದ: "ಅಣ್ಣಾ, ಸರಿಯಾಗಿ ಹತ್ತಿದ್ಯಾ?" ಸ್ಟೌ ರಿಪೇರಿಯವನು ಮರಗಟ್ಟಿದ ಕೈಗಳೆರಡನ್ನೂ ಉರಿಗೆ ಒಡ್ಡಿಕೊಂಡು, "ಹೊಗೆ ಜಾಸ್ತಿ" ಎಂದ.